ಕರಿಕಲ್ಲು ಮುಗಿಯುವ ಸೀಮೆ

ಆಳಂದದಿಂದ ಅಫಜಲಪುರದ ಕಡೆಗೆ, ಅಲ್ಲಿಂದ ಭೀಮೆಯ ಗುಂಟ ಜೇವರ್ಗಿಗೆ ಹೋಗುವ ದಾರಿಯಲ್ಲಿ ಪ್ರವಾಸಿಗರು ಸಿಗುವುದು ಅಪರೂಪ. ವಿಜಯಪುರದ ಗೋಲಗುಮ್ಮಟ ನೋಡಿದವರು ನೇರವಾಗಿ ಕಲಬುರಗಿಯ ಕೋಟೆಗೆ, ಅಲ್ಲಿಂದ ಬೀದರಿಗೆ ಹೊರಟುಬಿಡುತ್ತಾರೆ. ನಡುವಿನ ಈ ಮೂರು ತಾಲ್ಲೂಕುಗಳು ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಬಯಲು ಮಾತ್ರ. ಬೆಟ್ಟವಿಲ್ಲ, ಕಾಡಿಲ್ಲ, ಜಲಪಾತವಿಲ್ಲ. ತೊಗರಿ, ಜೋಳ, ಜಾಲಿ, ಮತ್ತೆ ತೊಗರಿ. ಬೇಸಿಗೆಯಲ್ಲಾದರೆ ಅದೂ ಇಲ್ಲ. ದಿಗಂತದವರೆಗೂ ಬಾಯಿಬಿಟ್ಟ ಕರಿನೆಲ.

ನೋಡುವುದಕ್ಕೆ ಏನೂ ಇಲ್ಲ ಎನ್ನಿಸುವ ಈ ಬಯಲೇ ನಿಜವಾಗಿ ನೋಡಬೇಕಾದದ್ದು. ಜಗತ್ತಿನ ಅತಿ ದೊಡ್ಡ ಲಾವಾ ಹಾಸುಗಳಲ್ಲಿ ಒಂದರ ಮೇಲೆ ಈ ದಾರಿ ಸಾಗುತ್ತದೆ. ಅಷ್ಟೇ ಅಲ್ಲ, ಆ ಹಾಸು ತೆಳುವಾಗುತ್ತ ಬಂದು ಮುಗಿದೇಹೋಗುವ ಅಂಚೂ ಇದೇ ದಾರಿಯಲ್ಲಿ ಸಿಗುತ್ತದೆ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಕರಿಕಲ್ಲಿನ ನೆಲ. ಜೇವರ್ಗಿ ತಾಲ್ಲೂಕಿನಲ್ಲಿ ಕರಿಕಲ್ಲು ಹಿಂದೆ ಸರಿದು, ಅದರಡಿಯಲ್ಲಿ ಅಡಗಿದ್ದ ಸುಣ್ಣಕಲ್ಲಿನ ಪದರ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಕಲ್ಲು ಬದಲಾದರೆ ಮನೆ ಬದಲಾಗುತ್ತದೆ, ಬಾವಿ ಬದಲಾಗುತ್ತದೆ, ಸಮಾಧಿ ಬದಲಾಗುತ್ತದೆ. ಈ ಸೀಮೆಯಲ್ಲಿ ಇತಿಹಾಸ ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎಂಬ ಪ್ರಶ್ನೆಗೂ ಉತ್ತರದ ಒಂದು ದೊಡ್ಡ ಪಾಲು ಈ ಕಲ್ಲುಗಳಲ್ಲಿದೆ.

ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಜಪಾನಿನ ಫುಜಿಯಂಥ ಶಂಕುವಿನಾಕಾರದ ಬೆಟ್ಟ, ಅದರ ನೆತ್ತಿಯಿಂದ ಏಳುವ ಹೊಗೆ. ದಖ್ಖನ್ನಿನಲ್ಲಿ ನಡೆದದ್ದು ಹಾಗಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲೆ ಡೈನೋಸಾರುಗಳ ಯುಗ ಮುಗಿಯುತ್ತಿದ್ದ ಹೊತ್ತಿನಲ್ಲಿ, ಪಶ್ಚಿಮ ಭಾರತದ ನೆಲ ಉದ್ದುದ್ದಕ್ಕೆ ಸೀಳಿತು. ಆ ಬಿರುಕುಗಳಿಂದ ಉಕ್ಕಿದ ಲಾವಾ ತೆಳುವಾದ ಪಾಕದಂತೆ ನೂರಾರು ಕಿಲೋಮೀಟರು ಹರಿಯಿತು. ಒಂದು ಹರಿವು ಆರಿ ಕಲ್ಲಾಗುವುದು, ಅದರ ಮೇಲೆ ಮತ್ತೊಂದು ಹರಿಯುವುದು, ಹೀಗೆ ಪದರದ ಮೇಲೆ ಪದರ. ಈಗ ಸವೆದು ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಈ ಗುಡ್ಡಗಳಿಗೆ ಭೂವಿಜ್ಞಾನಿಗಳು 'ಡೆಕ್ಕನ್ ಟ್ರ್ಯಾಪ್' ಎಂದು ಹೆಸರಿಟ್ಟರು. ಸ್ವೀಡನ್ನಿನ ಭಾಷೆಯಲ್ಲಿ 'ಟ್ರಾಪಾ' ಎಂದರೆ ಮೆಟ್ಟಿಲು. ಡೈನೋಸಾರುಗಳ ಅಳಿವಿಗೆ ಮೆಕ್ಸಿಕೋ ಬಳಿ ಬಿದ್ದ ಕ್ಷುದ್ರಗ್ರಹ ಕಾರಣವೋ, ದಖ್ಖನ್ನಿನ ಈ ಲಾವಾ ಉಗುಳಿದ ವಿಷಾನಿಲಗಳ ಪಾಲೂ ಅದರಲ್ಲಿದೆಯೋ ಎಂಬ ವಾದ ವಿದ್ವಾಂಸರಲ್ಲಿ ನಡೆದೇ ಇದೆ. ಆಳಂದದ ರೈತ ಮಳೆಗಾಲಕ್ಕೆ ಮುಂಚೆ ಹೊಲದ ಬದುವಿಗೆ ಎಸೆಯುವ ಗುಂಡುಗಲ್ಲು ಅಂಥ ದೊಡ್ಡ ವಾದದ ಸಾಕ್ಷಿ.

ಮಹಾಬಲೇಶ್ವರದ ಕಡೆ ಈ ಪದರಗಳ ದಪ್ಪ ಸಾವಿರ ಮೀಟರಿಗೂ ಹೆಚ್ಚು. ಪೂರ್ವಕ್ಕೆ, ದಕ್ಷಿಣಕ್ಕೆ ಬಂದಂತೆ ಅದು ಇಳಿಯುತ್ತದೆ. ಆಳಂದಕ್ಕೆ ಉತ್ತರದಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಕೊಳವೆ ಕೊರೆದು ನೋಡಿದಾಗ ಸುಮಾರು 340 ಮೀಟರಿಗೆ ಕರಿಕಲ್ಲು ಮುಗಿದು ಪುರಾತನ ಶಿಲೆ ಸಿಕ್ಕಿತು. ಜೇವರ್ಗಿಯ ಹೊಲಗಳಿಗೆ ಬರುವಷ್ಟರಲ್ಲಿ ಅದು ಸೊನ್ನೆ.

ಕರಿಕಲ್ಲು ಲಕ್ಷಾಂತರ ವರ್ಷ ಬಿಸಿಲುಮಳೆಗೆ ಸಿಕ್ಕು ಕರಗಿ ಆದದ್ದೇ ಎರೆಮಣ್ಣು. ಗಟ್ಟಿಕಲ್ಲಿಗೂ ಮಣ್ಣಿಗೂ ನಡುವಿನ, ಕೈಯಲ್ಲಿ ಪುಡಿಯಾಗುವ ಸ್ಥಿತಿಯೇ ಮೊರಂ. ಎರೆಮಣ್ಣಿನ ಗುಣ ವಿಚಿತ್ರ. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಮೊಣಕೈವರೆಗೆ ಕೈ ಇಳಿಯುವಂಥ ಬಿರುಕುಗಳು ಬಿದ್ದಿರುತ್ತವೆ. ಮೇಲಿನ ಮಣ್ಣು, ಕಸ, ಕಡ್ಡಿ ಆ ಬಿರುಕಿನೊಳಗೆ ಉದುರಿ, ಮಳೆ ಬಂದು ನೆಲ ಉಬ್ಬಿದಾಗ ಒಳಗಿನ ಮಣ್ಣು ಮೇಲೆ ಬರುತ್ತದೆ. ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದರೂ ಸರಿ.

ವರ್ಷಕ್ಕೆ 700ರಿಂದ 750 ಮಿಲಿಮೀಟರು ಮಳೆ ಬೀಳುವ, ಅದೂ ನಂಬಿಕೆಯಿಲ್ಲದ ಮಳೆಯ ಈ ಸೀಮೆಯಲ್ಲಿ ಊರುಗಳು ಬದುಕಿದ್ದು ಈ ಗುಣದಿಂದ. ಮುಂಗಾರಿನಲ್ಲಿ ಎರೆಭೂಮಿಯನ್ನು ಹಾಗೇ ಬಿಟ್ಟು ನೀರು ಕುಡಿಸುತ್ತಾರೆ. ಸೆಪ್ಟೆಂಬರು ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರೆ. ಆಮೇಲೆ ಒಂದು ಹನಿ ಮಳೆ ಬೀಳದಿದ್ದರೂ, ನೆಲದಾಳದ ತೇವ ಮತ್ತು ಚಳಿಗಾಲದ ಇಬ್ಬನಿಯನ್ನು ನೆಚ್ಚಿಕೊಂಡು ಬೆಳೆ ಬರುತ್ತದೆ. ಜಗತ್ತಿನ ಬೇರೆ ಕಡೆ ಕೆರೆ, ಕಾಲುವೆ ಮಾಡುವ ಕೆಲಸವನ್ನು ಇಲ್ಲಿ ಮಣ್ಣೇ ಮಾಡುತ್ತದೆ. ತೊಗರಿಯ ಮಾತೂ ಹಾಗೆಯೇ. ಅದರ ಬೇರು ಆಳಕ್ಕೆ ಇಳಿಯಬಲ್ಲದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗಾ ತೊಗರಿಬೇಳೆಯ ರುಚಿಯ ಹಿಂದೆ ಇರುವುದು ಈ ಲಾವಾದ ಮಣ್ಣೇ. ಬೆಳೆದ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲ ಅಗೆದು ಮಾಡಿದ ಕಣಜದಲ್ಲಿ, ವರ್ಷಗಟ್ಟಲೆ ಕಾಪಿಡುವ ಪದ್ಧತಿಯೂ ಇತ್ತು. ಒಂದು ವರ್ಷ ಬೆಳೆದು ಎರಡು ವರ್ಷ ಉಣ್ಣಬೇಕಾದ ನಾಡಿನ ಲೆಕ್ಕಾಚಾರ ಅದು.

ಆದರೆ ಇದೇ ಎರೆಮಣ್ಣು ಮನೆಗೆ ಶತ್ರು. ಉಬ್ಬಿ ಕುಗ್ಗುವ ನೆಲದ ಮೇಲೆ ಗೋಡೆ ನಿಲ್ಲುವುದಿಲ್ಲ. ಅದಕ್ಕೇ ಹಳೆಯ ಊರುಗಳು ಮೊರಂ ಕಾಣುವ ದಿಣ್ಣೆಯ ಮೇಲೆ ಒತ್ತೊತ್ತಾಗಿ ಕೂತಿವೆ. ಸುತ್ತ ಎರೆಹೊಲ, ನಡುವೆ ದಿಬ್ಬದ ಮೇಲೊಂದು ಊರು, ಊರ ನಡುವೆ ಒಂದು ಹುಡೇವು. ಈ ನೋಟ ಆಳಂದದಿಂದ ಅಫಜಲಪುರದವರೆಗೆ ಮತ್ತೆ ಮತ್ತೆ ಕಾಣುತ್ತದೆ. ಒಂದೇ ದಿಬ್ಬದ ಮೇಲೆ ನೂರಾರು ವರ್ಷ ಊರು ಬಿದ್ದು, ಎದ್ದು, ಮಣ್ಣಿನ ಮೇಲೆ ಮಣ್ಣು ಸೇರಿ ದಿಬ್ಬ ಇನ್ನಷ್ಟು ಎತ್ತರವಾಗುತ್ತದೆ. ಪುರಾತತ್ತ್ವಜ್ಞರಿಗೆ ಅದು ಪುಸ್ತಕದ ಹಾಳೆಗಳಿದ್ದಂತೆ.

ಬರವೂ ಇಲ್ಲಿ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಕೊನೆಗೆ ಆರಂಭವಾಗಿ ಹನ್ನೆರಡು ವರ್ಷ ಕಾಡಿತೆಂದು ಹೇಳುವ ದುರ್ಗಾದೇವಿ ಬರ, 1876–78ರ ಮಹಾಕ್ಷಾಮ, 1972–73ರ ಬರಗಾಲ, ಮೂರೂ ದಖ್ಖನ್ನಿನ ಈ ಒಳನಾಡನ್ನು ಹಿಂಡಿದವು. ಅಷ್ಟಾದರೂ ರಾಜ್ಯ ಕಟ್ಟಿದವರು ಈ ನೆಲವನ್ನು ಬಿಟ್ಟುಹೋಗಲಿಲ್ಲ. ರಾಷ್ಟ್ರಕೂಟರ ಮಳಖೇಡ ಪೂರ್ವಕ್ಕಿದೆ, ಚಾಲುಕ್ಯರ ಕಲ್ಯಾಣ ಉತ್ತರಕ್ಕಿದೆ, 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿ ನಡುವೆಯೇ ಇದೆ. ಮೂರು ಸಾಮ್ರಾಜ್ಯಗಳ ರಾಜಧಾನಿಗಳು ಒಂದರಿಂದ ಇನ್ನೊಂದಕ್ಕೆ ಕೆಲವೇ ದಿನಗಳ ಎತ್ತಿನಗಾಡಿಯ ದೂರದಲ್ಲಿ ಇರುವ ಸೀಮೆಯನ್ನು 'ಹಿಂದುಳಿದ ಪ್ರದೇಶ' ಎಂಬ ಒಂದೇ ಮಾತಿನಲ್ಲಿ ಗುರುತಿಸುವುದು ಇತ್ತೀಚಿನ ರೂಢಿ. ಸೈನ್ಯಕ್ಕೆ ಜೋಳ, ಕುದುರೆಗೆ ಕಡಲೆ, ಖಜಾನೆಗೆ ಕಂದಾಯ ಕೊಡುವ ಎರೆಭೂಮಿ ಕೈಲಿದ್ದರೆ ಮಾತ್ರ ಸಾಮ್ರಾಜ್ಯ ಎಂಬುದು ಆ ಅರಸರಿಗೆ ಗೊತ್ತಿತ್ತು.

ಆಳಂದದ ಹಳೆಯ ಹೆಸರು ಅಲಂದೆ. ಈ ಊರಿನ ಒಬ್ಬ ಶರಣನ ಕಥೆ ಕಲ್ಲಿನ ಮೇಲೆ ವಿವರವಾಗಿ ಉಳಿದಿದೆ. ಅಲಂದೆಯ ಬ್ರಾಹ್ಮಣ ಪುರುಷೋತ್ತಮ ಭಟ್ಟ ಮತ್ತು ಪದ್ಮಾಂಬಿಕೆಯರ ಮಗ ರಾಮ ಏಕಾಂತದಲ್ಲಿ ಶಿವಧ್ಯಾನ ಮಾಡಿ ಏಕಾಂತದ ರಾಮಯ್ಯನಾದ. ಜೈನರೊಡನೆ ವಾದಕ್ಕಿಳಿದು, ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿ, ಮತ್ತೆ ಪಡೆದ ಎಂದು ಶಾಸನ ಹೇಳುತ್ತದೆ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟನೆಂದೂ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಹನ್ನೆರಡನೆಯ ಶತಮಾನದಲ್ಲಿ ಮತಗಳ ನಡುವಿನ ಸ್ಪರ್ಧೆ ಎಷ್ಟು ಬಿಸಿಯಾಗಿತ್ತು ಎಂಬುದಕ್ಕಂತೂ ಅದು ಸಾಕ್ಷಿ. ಆದರೆ ಈ ಶಾಸನ ಇರುವುದು ಆಳಂದದಲ್ಲಲ್ಲ, ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಆಳಂದದ ಮಗನ ನೆನಪು ಮತ್ತೊಂದು ಸೀಮೆಯ ಕಲ್ಲಿನಲ್ಲಿ ಉಳಿಯಿತು. ಇಂದು ಆಳಂದಕ್ಕೆ ದೂರದಿಂದ ಜನ ಬರುವುದು ಲಾಡ್ಲೆ ಮಶಾಯಕ್ ದರ್ಗಾಕ್ಕೆ. ಈಚಿನ ವರ್ಷಗಳಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ.

ಕರಿಕಲ್ಲಿನ ಸೀಮೆಯ ಮನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೊಲದಲ್ಲಿ ಸಿಗುವ ಕರಿಕಲ್ಲು ಸಾಮಾನ್ಯವಾಗಿ ಗುಂಡಗಿರುತ್ತದೆ, ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಸವೆಯುತ್ತದೆ. ಚಪ್ಪಟೆ ಮುಖವಿಲ್ಲದ ಕಲ್ಲು ಒಂದರ ಮೇಲೊಂದು ಕೂರುವುದಿಲ್ಲ. ದೇವಾಲಯಕ್ಕೆ, ಕೋಟೆಗೆ ಆದರೆ ಅದನ್ನು ಕಡಿದು ಚೌಕ ಮಾಡುವಷ್ಟು ದುಡ್ಡಿರುತ್ತದೆ. ಬಡವನ ಮನೆಗೆ ಎಲ್ಲಿಂದ ಬರಬೇಕು? ಹಾಗಾಗಿ ಹೊರಗೊಂದು ಸಾಲು, ಒಳಗೊಂದು ಸಾಲು ಕಲ್ಲಿಟ್ಟು, ನಡುವೆ ಮಣ್ಣು, ಚೂರು ತುಂಬಿ ಎರಡು ಮೂರು ಅಡಿ ದಪ್ಪದ ಗೋಡೆ ಎಬ್ಬಿಸುವುದು. ಮೇಲೆ ತೊಲೆ, ಜಂತಿ, ಕಟ್ಟಿಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ನಲವತ್ತು ಡಿಗ್ರಿ ದಾಟುವ ಸೆಖೆಗೆ ಇದಕ್ಕಿಂತ ತಂಪಾದ ಮನೆ ಇನ್ನೊಂದಿಲ್ಲ. ಮಾಳಿಗೆ ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾರೆ. ಅದಕ್ಕೆ ಹೇಳಿಮಾಡಿಸಿದ್ದು ಹಾಳುಮಣ್ಣು, ಅಂದರೆ ಬಿಟ್ಟುಹೋದ ಹಳೆಯ ಊರಿನ ದಿಬ್ಬದಿಂದ ಅಗೆದು ತಂದ ಮಣ್ಣು. ನೀರು ಇಳಿಯಗೊಡದ ಗುಣ ಅದಕ್ಕಿದೆ ಎಂಬುದು ಉತ್ತರ ಕರ್ನಾಟಕದ ಅನುಭವದ ಮಾತು. ಹೀಗೆ ಎಷ್ಟೋ ಹಾಳೂರುಗಳ ಮಡಕೆ ಚೂರು, ಮಣಿ, ಬೂದಿ ಎಲ್ಲ ಬಂಡಿಯೇರಿ ಇಂದಿನ ಮನೆಗಳ ತಲೆಯ ಮೇಲೆ ಬಂದು ಕೂತವು. ಪುಸ್ತಕದ ಹಾಳೆ ಹರಿದು ಛಾವಣಿಗೆ ಹಾಕಿದಂತಾಯಿತು. ಆದರೆ ಮಳೆಯಿಂದ ಮಕ್ಕಳನ್ನು ಕಾಯಬೇಕಾದವರನ್ನು ಅದಕ್ಕಾಗಿ ದೂರುವಂತಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲವು ನಿಮಿಷ ಮುಂಚೆ ಈ ಮಾಳಿಗೆಗಳ ಭಾರ ಎಷ್ಟೆಂದು ಜಗತ್ತಿಗೆ ತಿಳಿಯಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ಹೊತ್ತು. ಆಳಂದದ ಗಡಿಯಾಚೆಗಿನ ಉಮರ್ಗಾ ಮತ್ತು ಔಸಾ ತಾಲ್ಲೂಕುಗಳ ಕಿಲ್ಲಾರಿ ಸೀಮೆಯಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಸತ್ತರು. ಈಚೆಯ ಗಡಿ ತಾಲ್ಲೂಕುಗಳೂ ಅಲುಗಿ ಜನ ಬೀದಿಗೆ ಓಡಿಬಂದರು. ಕಂಪನದ ಪ್ರಮಾಣ 6.2. ಅಂಥ ಕಂಪನಕ್ಕೆ ಅಷ್ಟು ಸಾವು ಹೆಚ್ಚು. ಗುಂಡುಗಲ್ಲಿನ ಗೋಡೆಯ ಎರಡು ಸಾಲುಗಳು ಒಂದು ಒಳಕ್ಕೆ, ಒಂದು ಹೊರಕ್ಕೆ ಕಳಚಿಕೊಂಡವು. ತಲೆಮಾರುಗಳಿಂದ ದಪ್ಪವಾಗುತ್ತ ಬಂದಿದ್ದ ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಮರದ ಕಂಬ, ತೊಲೆಗಳನ್ನು ಬಿಗಿಯಾಗಿ ಜೋಡಿಸಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಛಾವಣಿ ನಿಂತಿತು. ಕರಿಕಲ್ಲಿನ ದಖ್ಖನ್ ಅಲುಗಾಡದ ಗಟ್ಟಿನೆಲ ಎಂದು ಆವರೆಗೆ ನಂಬಲಾಗಿತ್ತು. ಲಾವಾದ ಹಾಸಿನಡಿಯ ಪುರಾತನ ಶಿಲೆಯಲ್ಲಿ ಏನಿದೆ ಎಂದು ಮೇಲಿನಿಂದ ಕಾಣುವುದಿಲ್ಲವಲ್ಲ! ಕೊಳವೆ ಕೊರೆದು ನೋಡುವ ಕೆಲಸ ಶುರುವಾದದ್ದೇ ಆ ದುರಂತದ ನಂತರ. ಗಡಿಯ ಈಚೆಗಿನ ಹಳ್ಳಿಗಳಲ್ಲಿ ಅದೇ ಗೋಡೆ, ಅದೇ ಮಾಳಿಗೆಯ ಮನೆಗಳು ಇನ್ನೂ ಇವೆ ಎಂಬುದು ಮರೆಯಬಾರದ ಸಂಗತಿ.

ಆಳಂದ ತಾಲ್ಲೂಕಿನಲ್ಲಿ ಕೊರಳ್ಳಿಯ ಅಣೆಕಟ್ಟು ದಾಟಿ ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ ಅದು. ಹದಿನೈದನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಗಳು ಇಲ್ಲಿ ನೆಲೆಸಿದ್ದರು; ಅವರ ನಿರ್ಗುಣ ಪಾದುಕೆಗಳ ಪೂಜೆ ಇಂದಿಗೂ ನಡೆಯುತ್ತದೆ. ದತ್ತಾತ್ರೇಯ ದಿನವೂ ಮಧ್ಯಾಹ್ನ ಇಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿ, ಬಂದ ಭಕ್ತರೇ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ಉಳ್ಳವನೂ ಇಲ್ಲದವನೂ ಒಂದೇ ಬಾಗಿಲ ಮುಂದೆ ಕೈಯೊಡ್ಡುವ ದೃಶ್ಯ. ಬರದ ಸೀಮೆಯಲ್ಲಿ ಹುಟ್ಟಿದ ಆಚರಣೆಗೆ ತಕ್ಕ ರೂಪವೇ ಅದು ಎನ್ನಬೇಕು. ಈ ಗುರುಗಳ ಚರಿತ್ರೆಯನ್ನು ಹೇಳುವ 'ಗುರುಚರಿತ್ರೆ' ಮರಾಠಿ ಮನೆಗಳ ನಿತ್ಯಪಾರಾಯಣದ ಗ್ರಂಥ. ಅದನ್ನು ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡ. ಅವನ ಊರು ಆಳಂದ ತಾಲ್ಲೂಕಿನ ಕಡಗಂಚಿ ಎಂಬುದು ಪರಂಪರೆ. ಭಾಷೆಯ ಗಡಿ 1956ರಲ್ಲಿ ನಕಾಶೆಯ ಮೇಲೆ ಗೆರೆಯಾಗಿ ಬಂದದ್ದು. ಅದಕ್ಕೆ ಮುಂಚೆ ಇಲ್ಲಿನ ಜನ ಒಂದು ಭಾಷೆಯಲ್ಲಿ ಬದುಕಿ ಇನ್ನೊಂದರಲ್ಲಿ ಬರೆಯುವುದು ಸಹಜವಾಗಿತ್ತು.

ಗಾಣಗಾಪುರದ ಸಂಗಮದ ಬಳಿ ಭಸ್ಮದ ಗುಡ್ಡವಿದೆ. ಪುರಾಣಕಾಲದ ಯಜ್ಞದ ಬೂದಿ ಎಂದು ನಂಬಿ ಭಕ್ತರು ಅದನ್ನು ಹಣೆಗೆ ಹಚ್ಚಿ, ಗಂಟು ಕಟ್ಟಿಕೊಂಡು ಒಯ್ಯುತ್ತಾರೆ. ಜ್ವಾಲಾಮುಖಿಯ ನಾಡು ಎಂದು ಓದಿ ಬಂದವರು ಇದನ್ನು ಅದರ ಬೂದಿಯೇ ಎಂದುಕೊಳ್ಳುವುದುಂಟು. ಅದು ಸಾಧ್ಯವಿಲ್ಲದ ಮಾತು. ಆರು ಕೋಟಿ ವರ್ಷ ಹಳೆಯ ಬೂದಿ ಹುಡಿಯಾಗಿ ಉಳಿಯುವುದಿಲ್ಲ. ದಕ್ಷಿಣಕ್ಕೆ ಸುರಪುರ ಸೀಮೆಯ ಬೂದಿಹಾಳದಲ್ಲಿ, ಬಳ್ಳಾರಿ ಬಳಿಯ ಕುಡತಿನಿಯಲ್ಲಿ ಇಂಥ ಬೂದಿ ದಿಬ್ಬಗಳನ್ನು ಪುರಾತತ್ತ್ವಜ್ಞರು ಅಭ್ಯಸಿಸಿದ್ದಾರೆ. ಅವು ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ವರ್ಷ ವರ್ಷವೂ ಸುಟ್ಟು ಆದ ದಿಬ್ಬಗಳು. ನಾಲ್ಕೈದು ಸಾವಿರ ವರ್ಷ ಹಿಂದಿನವು. ಅವುಗಳಿಗೂ ಸ್ಥಳೀಯರು ರಾಕ್ಷಸರ, ಯಜ್ಞಗಳ ಕಥೆ ಹೇಳುತ್ತಾರೆ. ದಖ್ಖನ್ನಿನಲ್ಲಿ ಬೂದಿ ಎಂದರೆ ಬೆಂಕಿಬೆಟ್ಟಕ್ಕಿಂತ ಹೆಚ್ಚಾಗಿ ದನದ ಹಟ್ಟಿಯ ನೆನಪು.

ಅಫಜಲಪುರದಿಂದ ಮುಂದೆ ದಾರಿಗೆ ಭೀಮೆಯೇ ಜೊತೆ. ಸೊನ್ನದ ಬ್ಯಾರೇಜಿನ ಬಾಗಿಲು ಮುಚ್ಚಿದಾಗ ಕೆರೆಯಂತೆ ನಿಲ್ಲುವ, ಬೇಸಿಗೆಯಲ್ಲಿ ಮಡುಗಳಾಗಿ ಒಡೆಯುವ ಈ ನದಿ 2020ರ ಅಕ್ಟೋಬರಿನಲ್ಲಿ ಎರಡೂ ದಡದ ಊರುಗಳಿಗೆ ನುಗ್ಗಿತು. ಎರೆಹೊಲಗಳ ನಡುವೆ ತಗ್ಗಾಗಿ ಹರಿಯುವ ನದಿಗೆ ದಡ ಮೀರಿದರೆ ತಡೆಯೇ ಇಲ್ಲ.

ಜೇವರ್ಗಿ ಸಮೀಪಿಸಿದಂತೆ ಗಮನವಿಟ್ಟು ನೋಡಿದವರಿಗೆ ಬದಲಾವಣೆ ಕಾಣುತ್ತದೆ. ಹೊಲದ ಬದುವಿನ ಗುಂಡುಗಲ್ಲಿನ ರಾಶಿಯ ಬದಲು ಚಪ್ಪಟೆ ಹಾಸುಗಲ್ಲಿನ ಸಾಲು. ಮನೆಯ ಮುಂದಿನ ಕಟ್ಟೆ, ಅಂಗಳ, ಛಾವಣಿ, ದನಕ್ಕೆ ನೀರಿಡುವ ತೊಟ್ಟಿ ಎಲ್ಲಕ್ಕೂ ಬೂದುಬಣ್ಣದ ಫರಸಿ. ದೇಶದ ತುಂಬ 'ಶಹಾಬಾದಿ ಕಲ್ಲು' ಎಂದು ಹೆಸರಾದದ್ದು ಇದರ ಬಳಗ. ಕರಿಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯದಾದ, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಭೂವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಭೀಮಾ ಶ್ರೇಣಿ. ಪದರಗಳಾಗಿರುವುದರಿಂದ ಉಳಿ ಇಟ್ಟರೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ನುಣುಪಾದ ಮುಖದ ಮೇಲೆ ಚಿತ್ರ ಕೊರೆಯಬಹುದು, ಅಕ್ಷರ ಕೊರೆಯಬಹುದು.

ಈ ಕಲ್ಲಿನ ಗುಣ ಮನುಷ್ಯನಿಗೆ ತಿಳಿದದ್ದು ನಿನ್ನೆ ಮೊನ್ನೆಯಲ್ಲ. ಜೇವರ್ಗಿಗೆ ದಕ್ಷಿಣದ ಹುಣಸಗಿ ಬಳಿಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದಾಗ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಯಾಗಾರವೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು 2002ರಲ್ಲಿ ಪ್ರಕಟವಾಯಿತು.

ಜೇವರ್ಗಿಯ ಹೆಸರು ಪುರಾತತ್ತ್ವದ ಇತಿಹಾಸದಲ್ಲಿ ಬಹಳ ಮೊದಲೇ ದಾಖಲಾಗಿದೆ. ಅದಕ್ಕೆ ಕಾರಣ ಮೆಡೋಸ್ ಟೇಲರ್. ನಿಜಾಮನ ಸೈನ್ಯಕ್ಕೆ ಹುಡುಗನಾಗಿ ಸೇರಿ, 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿ, 1841ರಿಂದ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಬಾಲಕ ದೊರೆ ವೆಂಕಟಪ್ಪ ನಾಯಕನ ಪ್ರೀತಿಯ 'ಅಪ್ಪ'. 1853ರಲ್ಲಿ ಸುರಪುರ ಬಿಟ್ಟು ಆಳಂದಕ್ಕೆ ಹತ್ತಿರದ ನಳದುರ್ಗಕ್ಕೆ ಅಧಿಕಾರಿಯಾಗಿ ಹೋದ. ಹೀಗಾಗಿ ಈ ಲೇಖನದ ಸೀಮೆಯ ಎರಡೂ ತುದಿಗಳು ಅವನಿಗೆ ಪರಿಚಿತ. ಜೇವರ್ಗಿಯ ಬಳಿ ಹೊಲಗಳಲ್ಲಿ ವೃತ್ತಾಕಾರವಾಗಿ ಜೋಡಿಸಿದ ಕಲ್ಲುಗಳ ನಡುವಿನ ಗುಪ್ಪೆಗಳನ್ನು ಕಂಡು ಅವನು ಅಗೆಸಿದ. ಅಸ್ಥಿಪಂಜರ, ಮಡಕೆ, ಕಬ್ಬಿಣದ ಆಯುಧಗಳು ಸಿಕ್ಕವು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಬಗ್ಗೆ ಬರೆದ. ಜೇವರ್ಗಿ ಎಂಬ ಊರು ವಿದ್ವತ್ ಪತ್ರಿಕೆಯೊಂದರ ಶೀರ್ಷಿಕೆಯಲ್ಲಿ ಬಂದದ್ದು ಹೀಗೆ, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ.

ಟೇಲರ್ ಅವುಗಳಿಗೆ ಕೊಟ್ಟ ವಿವರಣೆ ಈಗ ನಿಲ್ಲುವುದಿಲ್ಲ. ಬ್ರಿಟನ್ನಿನ ಕಲ್ಲುವೃತ್ತಗಳ ಹೋಲಿಕೆ ಕಣ್ಣಿಗೆ ಹೊಡೆದು, ಎರಡನ್ನೂ ಒಂದೇ ಜನ ಕಟ್ಟಿರಬೇಕೆಂದು, ಸಿಥಿಯನ್ನರು, ಡ್ರೂಯಿಡರು ಎಂದೆಲ್ಲ ಊಹಿಸಿದ. ದೇಹದಿಂದ ಬೇರೆಯಾಗಿ ಬಿದ್ದಿದ್ದ ತಲೆಬುರುಡೆಗಳನ್ನು ನೋಡಿ ನರಬಲಿ ಎಂದುಕೊಂಡ. ಆ ಸಮಾಧಿಗಳು ದಕ್ಷಿಣ ಭಾರತದ ಕಬ್ಬಿಣಯುಗದ ಜನರವು, ಇಂದಿಗೆ ಎರಡೂವರೆ ಮೂರು ಸಾವಿರ ವರ್ಷ ಹಿಂದಿನವು. ಮೃತರ ಎಲುಬುಗಳನ್ನು ಮತ್ತೆ ಆಯ್ದು ಹೂಳುವ ಪದ್ಧತಿ ಅವರಲ್ಲಿತ್ತು ಎಂಬುದನ್ನು ಮುಂದಿನ ಅಗೆತಗಳು ತೋರಿಸಿಕೊಟ್ಟವು. ಆದರೆ ಟೇಲರ್ ಮಾಡಿದ ಇನ್ನೊಂದು ಕೆಲಸ ಉಳಿಯಿತು. ಅಗೆದ ಗುಂಡಿಯ ಗೋಡೆಯಲ್ಲಿ ಯಾವ ಪದರ ಎಲ್ಲಿದೆ, ಕಲ್ಲು ಹೇಗೆ ಕೂತಿದೆ, ಎಲುಬು ಎಷ್ಟು ಆಳದಲ್ಲಿದೆ ಎಂದು ಸೀಳುನಕ್ಷೆ ಬರೆದಿಟ್ಟ. ನಿಧಿ ಹುಡುಕುವವರಂತೆ ಗುಡ್ಡೆ ಕೆದರಿ ಕೈಗೆ ಸಿಕ್ಕಿದ್ದನ್ನು ಒಯ್ಯುವುದೇ ಯುರೋಪಿನಲ್ಲೂ ರೂಢಿಯಾಗಿದ್ದ ಕಾಲ ಅದು. ಒಂದು ಶತಮಾನದ ನಂತರ ಮಾರ್ಟಿಮರ್ ವೀಲರ್ ಈ ನಕ್ಷೆಗಳನ್ನು ತೆರೆದ ಮನಸ್ಸಿನಿಂದ ಹೊಗಳಿದ. ವೃತ್ತಿಯಿಂದ ಪುರಾತತ್ತ್ವಜ್ಞನಲ್ಲದ ಒಬ್ಬ ಅಧಿಕಾರಿ, ಕಂದಾಯದ ಲೆಕ್ಕ, ನ್ಯಾಯ, ದಂಗೆಗಳ ನಡುವೆ ಹೊಲದಲ್ಲಿ ಕೂತು ಬರೆದ ನಕ್ಷೆಗಳು ಅವು. ವಿವರಣೆ ತಪ್ಪಾದರೂ ದಾಖಲೆ ಸರಿಯಿದ್ದರೆ ಮುಂದಿನವರಿಗೆ ದಾರಿ ಇರುತ್ತದೆ. ಜೇವರ್ಗಿಯಲ್ಲಿ ಆದದ್ದು ಅದೇ.

ಟೇಲರ್ ತನ್ನ ಬರಹದಲ್ಲಿ ಜೇವರ್ಗಿಯನ್ನು ಗುರುತಿಸಿದ್ದು 'ಭೀಮಾ ತೀರದ ಫಿರೋಜಾಬಾದಿನ ಸಮೀಪ' ಎಂದು. ನದಿಯ ಆಚೆದಡದಲ್ಲಿ ಫಿರೋಜಶಹಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ನಗರ ಅದು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಭೀಮೆ. ಒಳಗೆ ಅರಮನೆ, ಹಮಾಮು, ದೊಡ್ಡದೊಂದು ಮಸೀದಿ. 1422ರಲ್ಲಿ ಫಿರೋಜನ ಕಾಲ ಮುಗಿದು ಅವನ ತಮ್ಮ ಅಹಮದಶಹಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಈ ನಗರಕ್ಕೆ ಕೆಲಸವಿಲ್ಲದಾಯಿತು. ಗೋಡೆಯೊಳಗೆ ಈಗ ಬೆಳೆ ಬೆಳೆಯುತ್ತದೆ.

ಭೀಮೆಯ ಗುಂಟ ಇನ್ನೂ ಕೆಳಗೆ ಹೋದರೆ, ಜೇವರ್ಗಿಯ ಎಲ್ಲೆ ದಾಟಿ, ಎಡದಂಡೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಸನ್ನತಿ ಸಿಗುತ್ತದೆ. ಸುಣ್ಣಕಲ್ಲಿನ ಸೀಮೆ ಇತಿಹಾಸಕ್ಕೆ ಕೊಟ್ಟ ದೊಡ್ಡ ಕಾಣಿಕೆ ಇರುವುದು ಇಲ್ಲಿ. ಸನ್ನತಿಯಿಂದ ಸ್ವಲ್ಪವೇ ದೂರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆ ಅಗೆದಾಗ, ಎರೆಮಣ್ಣಿನಡಿಯಿಂದ ಒಂದು ಬೌದ್ಧ ಮಹಾಸ್ತೂಪವೇ ಎದ್ದುಬಂತು. ಅದರ ಸುತ್ತ ಹೊದಿಸಿದ್ದ ದೊಡ್ಡ ದೊಡ್ಡ ಫಲಕಗಳೆಲ್ಲ ಇದೇ ಭೀಮಾ ಸುಣ್ಣಕಲ್ಲು. ಶಾತವಾಹನ ಅರಸರ ಚಿತ್ರಗಳು, ಕೆಳಗೆ ಅವರವರ ಹೆಸರು. ಒಂದು ಫಲಕದಲ್ಲಿ ರಾಣಿ ಮತ್ತು ಪರಿವಾರದೊಡನೆ ನಿಂತ ರಾಜನ ಕೆಳಗೆ ಬ್ರಾಹ್ಮೀ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದಿದೆ. ಅಶೋಕನನ್ನು ಹೆಸರು ಹಿಡಿದು ತೋರಿಸುವ ಅಂಥ ಪ್ರಾಚೀನ ಶಿಲ್ಪ ಭಾರತದಲ್ಲಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಗುಂಡುಗಲ್ಲಿನ ಆಳಂದದಲ್ಲಿ ಇಂಥ ತೆಳುಫಲಕಗಳ ಶಿಲ್ಪ ಹುಟ್ಟುವುದು ಕಷ್ಟ. ಕರಿಕಲ್ಲು ಮುಗಿಯುವ ಅಂಚಿನಲ್ಲಿ, ಎರೆಭೂಮಿಯ ಜೋಳವೂ ಹಾಸುಗಲ್ಲಿನ ಗಣಿಯೂ ನದಿಯ ದಾರಿಯೂ ಒಟ್ಟಿಗೆ ಸಿಗುವಲ್ಲಿ ಅದು ಹುಟ್ಟಿತು.

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿ ಇದೆ. 1986ರಲ್ಲಿ ಅದರ ಛಾವಣಿ ಕುಸಿದು ವಿಗ್ರಹಕ್ಕೆ ಪೆಟ್ಟಾಯಿತು. ವಿಗ್ರಹವನ್ನು ಎತ್ತಿದಾಗ ಅದರ ಕೆಳಗೆ ಪೀಠವಾಗಿ ಹಾಕಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. 1989ರಲ್ಲಿ ಅವು ಅಶೋಕನ ಶಾಸನಗಳೆಂದು ತಿಳಿಯಿತು. ಚಪ್ಪಡಿಯ ಒಂದು ಮುಖದಲ್ಲಿ ಅವನ 12 ಮತ್ತು 14ನೆಯ ಶಿಲಾಶಾಸನಗಳು, ಇನ್ನೊಂದು ಮುಖದಲ್ಲಿ ಎರಡು 'ಪ್ರತ್ಯೇಕ ಶಾಸನ'ಗಳು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಯುದ್ಧದಲ್ಲಿ ಗೆದ್ದ ನಾಡಿನ ಅಧಿಕಾರಿಗಳಿಗೆ, ಜನರನ್ನು ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಪಕ್ಷಪಾತವಿಲ್ಲದೆ ನಡೆದುಕೊಳ್ಳಿ ಎಂದು ಹೇಳುವ ಆಜ್ಞೆಗಳು ಅವು. ಭೀಮೆಯ ದಡದಲ್ಲೂ ಅವನ್ನು ಕೊರೆಸಬೇಕಾಗಿ ಬಂದದ್ದು ಏಕೆ ಎಂಬುದು ವಿದ್ವಾಂಸರ ಚರ್ಚೆಯ ವಿಷಯವಾಯಿತು. 12ನೆಯ ಶಾಸನದ ಮಾತು ಬೇರೆ: ತನ್ನ ಮತವನ್ನು ಹೊಗಳಿ ಪರರ ಮತವನ್ನು ತೆಗಳಬಾರದು ಎಂಬುದು ಅದರ ತಿರುಳು. ಆಳಂದದ ಏಕಾಂತದ ರಾಮಯ್ಯನ ಕಾಲಕ್ಕೆ ಆ ಕಲ್ಲಿಗೆ ಆಗಲೇ ಸಾವಿರದ ನಾನೂರು ವರ್ಷ ವಯಸ್ಸು.

ಗುಡಿ ಕಟ್ಟಿದವರಿಗೆ ಬೇಕಾದದ್ದು ಚಪ್ಪಟೆಯಾದ, ಗಟ್ಟಿಯಾದ ಒಂದು ಹಾಸುಗಲ್ಲು. ಓದಲು ಬಾರದ ಲಿಪಿ ಅವರಿಗೆ ಗೀಚಿನಂತೆ ಕಂಡಿರಬೇಕು. ದೇವಿಯ ವಿಗ್ರಹ ಅಲುಗದೆ ಕೂರಲೆಂದು ಚಪ್ಪಡಿಯ ನಡುವೆ ಚೌಕನೆಯ ಕುಳಿ ತೋಡಿದರು. ಎರಡೂ ಮುಖಗಳಲ್ಲಿ ಸಾಲುಗಳ ನಡುಭಾಗ ಹಾರಿಹೋಯಿತು. ಉಳಿದ ಅಕ್ಷರಗಳು ನೂರಾರು ವರ್ಷ ಎಣ್ಣೆ, ಕುಂಕುಮ, ಗಾಳಿಮಳೆಗಳಿಂದ ದೂರವಾಗಿ ದೇವಿಯ ಪಾದದಡಿ ಭದ್ರವಾಗಿ ಇದ್ದವು. ಕುಳಿಯ ಜಾಗದಲ್ಲಿದ್ದ ಪದಗಳನ್ನು ತಿಳಿಯಬೇಕಾದರೆ ಪಂಡಿತರು ಬೇರೆ ಕಡೆಯ ಬಂಡೆಗಳ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ಹೊಂದಿಸಿ ಓದುತ್ತಾರೆ.